ರೇಸಿನಲ್ಲಿ ಕೊನೆಗೆ ಬರುವ ನಮ್ಮತ್ತೆ

ಮೊಳಕಾಲ್ಮೂರಿನ ಅತ್ಯಂತ ಕಳಪೆ ಕಾರ್ ರೇಸರ್ ಯಾರು ಎಂದು ಕೇಳಿದರೆ ನಾನು ಎದೆ ತಟ್ಟಿಕೊಂಡು ಹೇಳುತ್ತೇನೆ: ನಮ್ಮತ್ತೆ! ನಮ್ಮಪ್ಪನ ತಂಗಿ. ನಲವತ್ತು ವರ್ಷದಿಂದ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುತ್ತಿರುವಾಕೆ. ನಾನು ಕೊಟ್ಟ ಹಳೇ ಫೋನಿನಲ್ಲಿ ಕಾರ್ ರೇಸಿನ ಆಟವೊಂದು ಹಾಗೇ ಉಳಿದುಕೊಂಡಿತ್ತು. ಮಧ್ಯಾಹ್ನ ಉಂಡು, ಎಲೆಅಡಿಕೆ ಹಾಕಿಕೊಂಡು ಅತ್ತೆ ರೇಸಿಗೆ ಇಳಿಯುತ್ತಾಳೆ. ಮೂರು ವರ್ಷದಲ್ಲಿ ಒಮ್ಮೆಯೂ ಕೊನೆಯ ಸ್ಥಾನವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಿಲ್ಲ!

ಬಿಟ್ಟುಕೊಡುವುದಾದರೂ ಹೇಗೆ? ಉಳಿದ ಕಾರುಗಳು ಬಾಲಕ್ಕೆ ಬೆಂಕಿ ಬಿದ್ದಂತೆ ಓಡುತ್ತಿದ್ದರೆ, ಅತ್ತೆಯ ಕೆಂಪು ಕಾರು ರಸ್ತೆಯ ಎಡಕ್ಕೆ ಅಂಟಿಕೊಂಡು ಮದುವೆ ಮೆರವಣಿಗೆಯ ಹಾಗೆ ಸಾಗುತ್ತದೆ. ಹಿಂದಿನಿಂದ ಯಾರಾದರೂ ಬಂದರೋ, ನಿಲ್ಲಿಸಿಯೇ ದಾರಿ ಕೊಡುತ್ತಾಳೆ. "ಪೋ ನಾಯನಾ, ಪೋ" ಎಂದು ಗಡಿಸೀಮೆಯ ತೆಲುಗಿನಲ್ಲಿ ಬೀಳ್ಕೊಡುತ್ತಾಳೆ.

"ಅತ್ತೆ, ಇದು ರೇಸು. ಅವರನ್ನ ಹಿಂದೆ ಹಾಕ್ಬೇಕು."

"ಯಾಕೆ ಹಾಕ್ಲಿ? ಅವ್ರ ಮನೇಲಿ ಏನು ಅವಸರ ಐತೋ ಏನೋ. ನಂಗೇನೈತೆ?" ಎನ್ನುವಳು. ಆಮೇಲೆ ಆಟ ತಯಾರಿಸಿದವರ ಸರದಿ. "ಹಾರನ್ನೇ ಇಡ್ದೆ ಗಾಡಿ ರೋಡಿಗೆ ಬಿಟ್ಟವ್ರೆ ನೋಡು, ಬುದ್ಧಿ ಬ್ಯಾಡ್ವಾ ಇವ್ರಿಗೆ?"

ಅತ್ತೆಗೆ ಅಭಿಪ್ರಾಯವಿಲ್ಲದ ವಿಷಯ ಈ ಭೂಮಿಯ ಮೇಲಿಲ್ಲ. ಎಲೆಕ್ಟ್ರಿಕ್ ಕಾರು? "ಸದ್ದಿಲ್ದೆ ಹಿಂದಿನಿಂದ ಬರೋರು ಕಳ್ಳರು." ಕಂಪ್ಯೂಟರೇ ಇನ್ನು ಮುಂದೆ ಯೋಚನೆ ಮಾಡುತ್ತದಂತೆ ಅತ್ತೆ, ಕತೆ ಬರೆಯುತ್ತದಂತೆ, ಚಿತ್ರ ಬಿಡಿಸುತ್ತದಂತೆ ಎಂದು ನಾನು ಕಣ್ಣರಳಿಸಿ ಹೇಳಿದರೆ, ಮಗ್ಗದಿಂದ ತಲೆಯನ್ನೂ ಎತ್ತಲಿಲ್ಲ. "ಮೊದ್ಲು ಹರಿದೋದ ಒಂದು ಎಳೆ ಗಂಟು ಹಾಕ್ಲಿ. ಆಮೇಲೆ ಮಾತಾಡಾನ."

ಇನ್ನು ರಾಜಕೀಯ. ಟಿವಿ ಚರ್ಚೆ, ಪ್ರಣಾಳಿಕೆ, ಜಾತಿ, ಪಕ್ಷ, ಯಾವುದೂ ಅತ್ತೆಗೆ ಬೇಡ. ಚುನಾವಣೆಗೆ ನಿಂತವರು ಬೀದಿಗೆ ಬಂದಾಗ ಹೊಸ್ತಿಲಲ್ಲಿ ನಿಂತು ಒಂದೇ ಒಂದು ವಿಷಯ ನೋಡುತ್ತಾಳೆ: ಕಾರಿನ ಬಾಗಿಲನ್ನು ತಾನೇ ತೆಗೆದುಕೊಂಡು ಇಳಿದನೋ, ಯಾರಾದರೂ ಬಂದು ತೆಗೆಯಲಿ ಎಂದು ಕೂತನೋ? "ತನ್ನ ಕಾರಿನ ಬಾಗ್ಲೇ ತೆಗೆಯೋಕೆ ಬರ್ದೋನು ಊರಿಗೇನು ಮಾಡ್ತಾನೆ ಬಿಡು!" ಕಳೆದ ಸಲ ಬಂದವರೆಲ್ಲ ಕೂತೇ ಇದ್ದರು. ಅತ್ತೆ ಮತಗಟ್ಟೆಗೆ ಹೋಗಿ, ಒಬ್ಬರ ಡ್ರೈವರಿಗೆ ಓಟು ಹಾಕಬಹುದೇ ಎಂದು ವಿಚಾರಿಸಿದಳಂತೆ!

ಇಷ್ಟೆಲ್ಲ ಆಡಿಕೊಳ್ಳುವ ನಾನೇನು ಮಹಾ ಶೂರನೇ? ಚಳ್ಳಕೆರೆಯಲ್ಲಿ ಮೇಷ್ಟ್ರು ನಾನು. ಒಂದು ಸಂಜೆ ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿನ ಕಡೆ ಹೋಗುತ್ತಿದ್ದಾಗ ಕುರಿಮಂದೆ ಅಡ್ಡ ಬಂದು, ನನ್ನ ಕಾರು ರಸ್ತೆ ಬಿಟ್ಟು ಇಳಿದು ಜಾಲಿಮರಕ್ಕೆ ಮುತ್ತಿಟ್ಟಿತು. ಕುರಿಗಳಿಗೆ ಏನೂ ಆಗಲಿಲ್ಲ. ನನಗೂ ಆಗಲಿಲ್ಲ ಎಂದೇ ಎಲ್ಲರಿಗೂ ಹೇಳಿದೆ. ಮೆಕ್ಯಾನಿಕ್ ಸಾಹೇಬರು ಕಾರನ್ನು ಹೊಸದರಂತೆ ಮಾಡಿ, "ಫಿಕರ್ ಮಾಡ್ಬ್ಯಾಡ್ರಿ ಮೇಷ್ಟ್ರೇ, ಗಾಡಿ ಫಸ್ಟ್ ಕ್ಲಾಸ್ ಐತೆ" ಎಂದು ಮನೆಗೇ ತಂದು ಬಿಟ್ಟರು. ಗಾಡಿ ಸರಿಯಾಗಿತ್ತು. ನಾನು ಸರಿಯಾಗಿರಲಿಲ್ಲ. ಕೀಲಿ ಕೈಗೆತ್ತಿಕೊಂಡರೆ ಸಾಕು, ಅಂಗೈ ಬೆವರುತ್ತಿತ್ತು. ಬ್ಯಾಟರಿ ವೀಕು, ಪೆಟ್ರೋಲು ದುಬಾರಿ, ನಡೆಯುವುದು ಆರೋಗ್ಯಕ್ಕೆ ಒಳ್ಳೆಯದು ಎಂದೆಲ್ಲ ಹೇಳಿಕೊಂಡು ವರ್ಷ ಕಳೆದೆ. ಸಾಹೇಬರು ಮಾತ್ರ ಆಗಾಗ ಬಂದು ಎಂಜಿನ್ ಚಾಲೂ ಮಾಡಿ ನೋಡಿ ಹೋಗುತ್ತಿದ್ದರು. ಕಾರಿನ ಕವರಿನ ಮೇಲೆ ಬೆಕ್ಕೊಂದು ಸಂಸಾರ ಹೂಡಿತ್ತು.

ಈ ಬೇಸಿಗೆಯಲ್ಲಿ ನಾಲ್ಕು ದಿನ ಇರಲು ಬಂದ ಅತ್ತೆ ಅದನ್ನು ನೋಡಿದಳು.

"ಇದ್ಯಾಕೋ ಹಿಂಗೆ ಕಂಬಳಿ ಹೊದ್ಕೊಂಡೈತೆ? ಜ್ವರನಾ?"

"ಬ್ಯಾಟರಿ ಸ್ವಲ್ಪ..."

"ಲೇ, ಬ್ಯಾಟರಿ ಕಾರಿಂದೋ ನಿಂದೋ?"

ಅತ್ತೆ ಮತ್ತೇನೂ ಕೇಳಲಿಲ್ಲ. ಹೊರಡುವ ದಿನ ಬೆಳಿಗ್ಗೆ ಮಾತ್ರ ಬೆಕ್ಕಿನ ಸಂಸಾರವನ್ನು ಬುಟ್ಟಿಗೆ ಸಾಗಿಸಿ, ಕವರು ಕಿತ್ತು, ಬಾಗಿಲು ತಾನೇ ತೆಗೆದು ಮುಂದಿನ ಸೀಟಿನಲ್ಲಿ ಕೂತುಬಿಟ್ಟಳು. "ನಾನಂತೂ ಬಸ್ಸಲ್ಲಿ ಹೋಗಲ್ಲ. ನೀನು ಓಡ್ಸು. ಆಟ ಆಡಿ ಆಡಿ ನಂಗೆಲ್ಲ ಗೊತ್ತೈತೆ, ಹೇಳಿಕೊಡ್ತೀನಿ."

ಒಂದು ತಾಸಿನ ದಾರಿಗೆ ಮೂರು ತಾಸು ಹಿಡಿಯಿತು! ಲಾರಿ ನಮ್ಮನ್ನು ಹಿಂದೆ ಹಾಕಿತು, ಟ್ರ್ಯಾಕ್ಟರ್ ಹಿಂದೆ ಹಾಕಿತು, ಕಡೆಗೆ ಹುಲ್ಲಿನ ಹೊರೆ ಹೊತ್ತ ಸೈಕಲ್ಲೂ ಹಿಂದೆ ಹಾಕಿತು. ಪ್ರತಿಯೊಬ್ಬರಿಗೂ ಅತ್ತೆ ಬಲಗೈ ಬೀಸಿ, "ಪೋ ನಾಯನಾ, ಪೋ." ಕೊಂಡ್ಲಹಳ್ಳಿಯ ಹತ್ತಿರ ಮತ್ತೊಂದು ಕುರಿಮಂದೆ ಅಡ್ಡ ಬಂತು. ನಾನು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಅವುಚಿಕೊಂಡೆ.

"ನಿಲ್ಸು," ಎಂದಳು ಅತ್ತೆ, ಎಲೆಅಡಿಕೆ ಕೇಳುವಷ್ಟು ಸಲೀಸಾಗಿ. "ದಾಟ್ಲಿ. ನಮಗೇನೈತೆ ಅವಸರ?"

ನಿಲ್ಲಿಸಿದೆ. ದಾಟಿದವು. ಮತ್ತೆ ಹೊರಟೆವು. ಅಷ್ಟೇ! ವರ್ಷವಿಡೀ ಹೆದರಿದ್ದು ಇದಕ್ಕೇನಾ?

ಅತ್ತೆಯ ಮನೆ ಮುಂದೆ ಕಾರು ನಿಲ್ಲಿಸಿ ಇಳಿದೆ. ಅತ್ತೆ ಇಳಿಯಲಿಲ್ಲ.

"ಬಾಗ್ಲು ತೆಗಿಯೋ," ಎಂದಳು.

"ಏನತ್ತೆ, ಎಲೆಕ್ಷನ್ನಿಗೆ ನಿಂತ್ಕೊಂಡಿದೀಯಾ?" ಎಂದು ನಗುತ್ತಾ ಸುತ್ತಿ ಬಂದು ಬಾಗಿಲು ತೆಗೆದೆ. ನಗು ಅಲ್ಲೇ ನಿಂತಿತು. ಅತ್ತೆಯ ಎಡಗೈ ಬಾಗಿಲ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದು ಸೆಟೆದುಕೊಂಡಿತ್ತು. ಬಿಡಲು ಅವಳಿಗೇ ಆಗುತ್ತಿರಲಿಲ್ಲ.

"ಚಳ್ಳಕೆರೆಯಿಂದ ಹಿಂಗೇ ಕೂತಿದ್ಯಾ ಅತ್ತೆ?"

"ಮುಂದ್ಗಡೆ ಸೀಟಲ್ಲಿ ಕೂತಿದ್ದು ಇದೇ ಮೊದ್ಲು ಕಣೋ. ರೋಡು ಮೈಮೇಲೇ ಬಂದಂಗಾಗ್ತೈತೆ."

"ಹೆದರಿಕೆ ಆಗ್ತೈತೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಓಡಿಸ್ತಿದ್ಯಾ?"

ಕೂದಲಿಗಿಂತ ಸಣ್ಣ ಎಳೆಗಳನ್ನು ಗಂಟು ಹಾಕುವ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಬಿಡಿಸಿದ ಮೇಲೂ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಿದ್ದೆ.

ವಾಪಸ್ಸು ಒಬ್ಬನೇ ಓಡಿಸಿಕೊಂಡು ಬಂದೆ, ಎಡಕ್ಕೆ, ಎಲ್ಲರಿಗೂ ದಾರಿ ಬಿಟ್ಟು. ಮನೆ ಸೇರಿ ಅತ್ತೆಗೆ ಫೋನ್ ಮಾಡಿದರೆ ಮೊದಲ ರಿಂಗು ಮುಗಿಯುವ ಮುಂಚೆಯೇ ಎತ್ತಿದಳು. ನಾನು ಹೊರಟಾಗಿನಿಂದ ಫೋನು ಕೈಯಲ್ಲೇ ಹಿಡಿದು ಕೂತಿದ್ದಳಂತೆ. ಅವತ್ತು ಅತ್ತೆ ರೇಸ್ ಆಡಿರಲಿಲ್ಲ.