ಉಗ್ರಪ್ಪ ಪಿಕಪ್ಪಿನ ಹಿಂಬದಿ ಎತ್ತಿದ್ದು

“ಇನ್ಮೇಲೆ ನಮ್ಮ ಗಾಡಿ ಯಾರ ಮನೆ ಮುಂದೇನೂ ಕುಂಡಿ ಊರಲ್ಲ ಕಣೇ,” ಎಂದು ಸುಂಕದಕಟ್ಟೆಯ ಉಗ್ರಪ್ಪ ಒಂದು ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಪ್ರತಿಜ್ಞೆ ಮಾಡಿದ.

ಆಗಿದ್ದ ಅವಮಾನವೂ ಸಣ್ಣದಲ್ಲ. ಹೆಂಡತಿ ಅಣ್ಣಮ್ಮ ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಒಪ್ಪಿಕೊಳ್ಳುತ್ತಿದ್ದಳು. ಮನೆಯಲ್ಲೇ ಬೇಯಿಸಿದ್ದನ್ನು ಇವನು ತನ್ನ ಪಿಕಪ್ಪಿನಲ್ಲಿ ಸಾಗಿಸುತ್ತಿದ್ದ. ಕೊಳಗಗಳನ್ನು ಏರಿಸಿದೊಡನೆ ಗಾಡಿಯ ಹಿಂಭಾಗ ಜಗ್ಗಿ, ಬಸುರಿ ಎಮ್ಮೆಯಂತೆ ಕೂತುಬಿಡುತ್ತಿತ್ತು. ಹಿಂದಿನ ವಾರ ವಿಜಯನಗರದ ಛತ್ರದ ಗೇಟಿನಲ್ಲಿ ಹಿಂಬದಿ ನೆಲಕ್ಕೆ ಉಜ್ಜಿ ನಿಂತಾಗ, ಬೀಗರೆಲ್ಲ ರೇಷ್ಮೆ ಶಲ್ಯ ಸೊಂಟಕ್ಕೆ ಬಿಗಿದು ತಳ್ಳಿದ್ದರು.

“ಮೆಕ್ಯಾನಿಕ್‌ಗೆ ತೋರಿಸ್ಬಾರ್ದಾ?” ಎಂದಳು ಅಣ್ಣಮ್ಮ.

“ಇದಕ್ಕೆಲ್ಲ ಮೆಕ್ಯಾನಿಕ್ ಯಾಕೆ? ಗಣೇಶ ಎತ್ತರ ಕಾಣ್ಲಿ ಅಂತ ಕೆಳಗೆ ಮಣೆ ಇಡಲ್ವಾ? ಹಂಗೇ.”

ರಾಜಾಜಿನಗರದ ಲೇತ್ ಅಂಗಡಿಯಲ್ಲಿ ಮಾಡಿಸಿ ತಂದ ಎರಡು ಕಬ್ಬಿಣದ ಬ್ಲಾಕುಗಳನ್ನು ಹಿಂದಿನ ಅಚ್ಚಿಗೂ ಸ್ಪ್ರಿಂಗ್ ಪ್ಲೇಟಿಗೂ ನಡುವೆ ಕೂರಿಸಿ, ಉದ್ದನೆಯ ಬೋಲ್ಟು ಹಾಕಿ ಬಿಗಿದ. ಜಾಕ್ ಇಳಿಸಿ ದೂರ ನಿಂತು ನೋಡಿದವನ ಮುಖ ಪೆಚ್ಚಾಯಿತು.

“ಅಲ್ಲ ಕಣೇ, ನಾನು ಎತ್ತಿದ್ದು ಹಿಂದೆ. ಮುಂದೆ ಯಾಕೆ ಇಳೀತು?”

“ಇಳಿದಿಲ್ಲ. ನೀವು ಹಿಂದೆ ಎತ್ತಿದ್ದಕ್ಕೆ ಹಂಗೆ ಕಾಣ್ಸತ್ತೆ.”

“ಮುಂದುಗಡೆ ನಾನು ಮುಟ್ಟೇ ಇಲ್ಲ.”

“ಅದಕ್ಕೇ.”

ಅದು ಉತ್ತರವೋ ಬೈಗುಳವೋ ಉಗ್ರಪ್ಪನಿಗೆ ತಿಳಿಯಲಿಲ್ಲ. ಯೋಚಿಸಲು ಹೊತ್ತೂ ಇರಲಿಲ್ಲ. ಮಹಾಲಕ್ಷ್ಮಿ ಲೇಔಟ್‌ನ ಸೋಮಲಿಂಗಪ್ಪನವರ ಗೃಹಪ್ರವೇಶಕ್ಕೆ ಅಂದು ಮಧ್ಯಾಹ್ನ ಊಟ ಹೋಗಬೇಕಿತ್ತು. ಆ ಕಡೆಯಿಂದ ಅಣ್ಣಮ್ಮನಿಗೆ ಸಿಕ್ಕಿದ್ದ ಮೊದಲ ಕರೆ ಅದು. ಅಲ್ಲಿ ಹೆಸರು ಬಂದರೆ ಸುತ್ತಮುತ್ತ ಏಳುತ್ತಿದ್ದ ಹೊಸ ಮನೆಗಳೆಲ್ಲ ಅವಳ ಕೈಗೇ ಬರುತ್ತಿದ್ದವು.

ಕೊಳಗಗಳು ಏರಿದವು. ಗಾಡಿ ಜಗ್ಗಲಿಲ್ಲ. ಉಗ್ರಪ್ಪ ಮೀಸೆ ತಿರುವಿ, ಅಣ್ಣಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಯಾವಾಗಲೂ ಹಿಂದಕ್ಕೆ ಜಾರಿ ಬಾಗಿಲಿಗೆ ಒರಗುತ್ತಿದ್ದ ಕೊಳಗಗಳಿಗೆ ಹಗ್ಗ ಕಟ್ಟುವ ರೂಢಿಯೇ ಅವನಿಗಿರಲಿಲ್ಲ.

ಮಹಾಲಕ್ಷ್ಮಿ ಲೇಔಟ್‌ನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದ. ಹಿಂದೆ ಧಡ್ ಎಂದಿತು. ಅವನ ಬೆನ್ನು ಬೆಚ್ಚಗಾಯಿತು.

“ಇಂಜಿನ್ ಕಾದಿದೆ ಕಣೇ. ಬೆನ್ನಿಗೆ ಹೊಡೀತಾ ಇದೆ.”

“ಇಂಜಿನ್ ಮುಂದಿದೆಯಲ್ರೀ.”

“ಮತ್ತೆ ಈ ವಾಸ್ನೆ?”

ಅಣ್ಣಮ್ಮ ಮೂಗರಳಿಸಿದಳು. “ಇಂಜಿನ್‌ಗೆ ಇಂಗಿನ ಒಗ್ಗರಣೆ ಯಾರು ಹಾಕಿದ್ರು?”

ಅಷ್ಟರಲ್ಲಿ ಗಾಜಿಲ್ಲದ ಹಿಂದಿನ ಕಿಟಕಿಯಿಂದ ಎರಡನೆಯ ಅಲೆ ಬಂದು, ಉಗ್ರಪ್ಪನ ಕುತ್ತಿಗೆಗೆ ಕರಿಬೇವು ಅಂಟಿಸಿ ಹೋಯಿತು. ಅರ್ಧ ಕೊಳಗ ಸಾರು ಖಾಲಿ.

ಅಣ್ಣಮ್ಮ ಕೂಗಾಡಲಿಲ್ಲ. ಇಳಿದು ಗಾಡಿಯನ್ನೂ ರಸ್ತೆಯನ್ನೂ ಒಮ್ಮೆ ನೋಡಿದಳು. “ಗಾಡಿ ಮುಗ್ಗರಿಸ್ತಾ ಇದೆ. ತಿರುಗಿಸಿ. ಹಿಂದಿಂದಕ್ಕೇ ಇಳೀರಿ.”

ಏಕೆಂದು ಅವನಿಗೆ ಅರ್ಥವಾಗಲಿಲ್ಲ. ಆದರೆ ಮೂತಿ ಏರಿಗೆ, ಬಾಲ ಇಳಿಜಾರಿಗೆ ತಿರುಗಿದೊಡನೆ ಸಾರು ಕೊಳಗದಲ್ಲಿ ಸಮವಾಗಿ ನಿಂತಿತು. ಮೂಲೆಯಲ್ಲಿದ್ದ ಪೊಲೀಸಿನವನು ಕೈ ಅಡ್ಡ ಹಿಡಿದ.

“ಏನ್ರೀ, ಹೋಗ್ತಾ ಇದೀರೋ, ಬರ್ತಾ ಇದೀರೋ?”

“ನಾನು ಹೋಗ್ತಾ ಇದೀನಿ ಸಾರ್. ಗಾಡಿ ಬರ್ತಾ ಇದೆ.”

ಪೊಲೀಸಿನವನು ಅದನ್ನು ಬಿಡಿಸಿ ನೋಡುವಷ್ಟರಲ್ಲಿ ಪಿಕಪ್ಪು ಮರೆಯಾಗಿತ್ತು. ಮನೆ ಮುಂದೆ ಆಚೆಗೆ ಮುಖ ಮಾಡಿ ನಿಂತ ಗಾಡಿ ಕಂಡು ಸೋಮಲಿಂಗಪ್ಪನವರು ಗಾಬರಿಯಿಂದ ಓಡಿಬಂದರು. “ಬಡಿಸದೇ ಹೊರಟ್ರಾ ತಾಯಿ?”

“ಈಗ ಬಂದ್ವಿ ಸಾರ್,” ಎಂದ ಅಣ್ಣಮ್ಮ ನೇರ ಒಳಗೆ ಹೋಗಿ ಬಿಸಿನೀರು, ಹುಣಸೆಹಣ್ಣು, ಚೂರು ಬೆಲ್ಲ ಕೇಳಿ ಪಡೆದು ಸಾರನ್ನು ಹಿಗ್ಗಿಸಿದಳು. ಜನ ಅದನ್ನೇ ಬೊಗಸೆಯೊಡ್ಡಿ ಕುಡಿದರು. ಪಕ್ಕದ ಮನೆಯವರು ಮುಂದಿನ ತಿಂಗಳ ನಾಮಕರಣಕ್ಕೆ ಅಲ್ಲೇ ಮಾತಾಡಿಕೊಂಡರು.

ಕೊನೆಯ ಪಂಕ್ತಿಗೆ ಉಗ್ರಪ್ಪ, ಸೋಮಲಿಂಗಪ್ಪನವರು ಕೊಟ್ಟ ದೊಗಳೆ ಅಂಗಿ ತೊಟ್ಟು, ತಲೆ ತಗ್ಗಿಸಿ ಕೂತ. ಅಣ್ಣಮ್ಮ ಸಾರಿನ ಬಕೆಟ್ ಹಿಡಿದು ಬಂದವಳು ಅವನ ಎಲೆ ದಾಟಿ ಮುಂದೆ ನಡೆದಳು.

“ಲೇ, ನನಗೆ ಸಾರು?”

“ನಿಮಗೆ ಗಟ್ಟಿ ಇದ್ದಾಗ್ಲೇ ಬಡಿಸಾಯ್ತಲ್ಲ,” ಎಂದು ಅವಳು ಪಕ್ಕದ ಎಲೆಗೆ ಬಗ್ಗಿದಳು.