ಹುಣಸೆದೊಡ್ಡಿಯ ಸಂವಿಧಾನ

ಆ ಬೆಳಿಗ್ಗೆ ನಾಗರಾಜು ಬಾಯಿ ಮುಚ್ಚಿಕೊಂಡು ಕ್ಯಾನು ಹಿಡಿದು ನಿಂತಿದ್ದರೆ ಹುಣಸೆದೊಡ್ಡಿ ಇವತ್ತಿಗೂ ಊರಿನ ಡೇರಿಗೇ ಹಾಲು ಹಾಕುತ್ತಿತ್ತು. ಅಮ್ಮ ಸರಸಮ್ಮನಿಗೆ ಮೊಣಕಾಲು ನೋವು, ಹಾಗಾಗಿ ಅವಳ ಬದಲು ಅವನು ಸಾಲಿನಲ್ಲಿದ್ದ. ಚನ್ನಪಟ್ಟಣದ ಒಂದು ಕಾಲೇಜಿನಲ್ಲಿ ಅವನು ಇತಿಹಾಸದ ಅತಿಥಿ ಉಪನ್ಯಾಸಕ. ಪ್ರತಿ ವರ್ಷ ಪರೀಕ್ಷೆ ಮುಗಿದ ಕೂಡಲೇ ಕಾಲೇಜು ಅವನನ್ನು ಮನೆಗೆ ಕಳಿಸುತ್ತಿತ್ತು. ಮತ್ತೆ ಕರೆಯುವುದೂ ಬಿಡುವುದೂ ಅವರ ಇಷ್ಟ.

ಹುಣಸೆದೊಡ್ಡಿ ಇರುವುದು ಹೊಂಗನೂರಿನ ಕಡೆ, ಕೆರೆಯ ಆಚೆ ದಡದಲ್ಲಿ. ಡೇರಿ ಇರುವುದು ಈಚೆ ದಡದ ದೊಡ್ಡ ಊರಿನಲ್ಲಿ. ಡೇರಿ ಅಧ್ಯಕ್ಷ ಬೋರಲಿಂಗಯ್ಯ ಆವತ್ತು ಒಂದು ಸುದ್ದಿ ಹೇಳಿದ: ಊರ ಬಾಗಿಲಿಗೆ ತನ್ನ ತಂದೆಯ ಹೆಸರಿನಲ್ಲಿ ಕಮಾನು ಕಟ್ಟಿಸುವುದರಿಂದ ಇನ್ನು ಮೇಲೆ ಎಲ್ಲರ ಹಾಲಿಗೂ ಲೀಟರಿಗೆ ಒಂದು ರೂಪಾಯಿ ಮುರಿದುಕೊಳ್ಳಲಾಗುವುದು. ಕೆರೆ ಏರಿ ಮೇಲೆ ಬಂದು ಹೋಗುವ ದೊಡ್ಡಿಯವರು ಆ ಕಮಾನಿನ ಕೆಳಗೆ ಕಾಲೇ ಇಡುವುದಿಲ್ಲ, ಯಾರನ್ನು ಕೇಳಿ ಮಾಡಿದಿರಿ ಎಂದು ದೊಡ್ಡಿಯ ಮಾರಮ್ಮ ಕೇಳಿದಳು.

"ಡೈರೆಕ್ಟ್ರುಗಳೆಲ್ಲಾ ಒಪ್ಪವ್ರೆ ಕಣಮ್ಮ" ಎಂದ ಬೋರಲಿಂಗಯ್ಯ.

ಡೈರೆಕ್ಟರುಗಳೆಲ್ಲ ಊರಿನವರೇ. ಹಾಲು ಪರೀಕ್ಷೆಯ ಯಂತ್ರದ ಮುಂದೆ ಕೂತಿದ್ದವನು ಬೋರಲಿಂಗಯ್ಯನ ಮಗ ಪುನೀತ. ಅವನ ಕೈಯಲ್ಲಿ ಆ ಯಂತ್ರಕ್ಕೆ ಅಧ್ಯಕ್ಷರ ಮನೆಯ ಹಾಲು ಪಾಯಸದಂತೆಯೂ ದೊಡ್ಡಿಯವರ ಹಾಲು ಅಕ್ಕಿ ತೊಳೆದ ನೀರಿನಂತೆಯೂ ಕಾಣುತ್ತಿತ್ತು.

"ಅಮೆರಿಕಾದಲ್ಲಿ ಇದಕ್ಕೇ ಯುದ್ಧ ಆಗಿತ್ತು" ಎಂದು ನಾಗರಾಜು ಗೊಣಗಿದ.

ಹಿಂದೆ ನಿಂತಿದ್ದ ಮುನೇಶನ ಕಿವಿಗೆ ಅದು ಬಿತ್ತು. "ಅದೇನ್ ಮೇಷ್ಟ್ರೇ, ಒಸಿ ಬುಡಿಸಿ ಹೇಳಿ."

ಕಾಲೇಜಿನಲ್ಲಿ ಯಾರೂ ಅವನನ್ನು ಬಿಡಿಸಿ ಹೇಳಿ ಎಂದು ಕೇಳಿದವರಲ್ಲ. ಇಲ್ಲಿ ಕ್ಯಾನು ಬಿಟ್ಟು ಎಲ್ಲಿಗೂ ಹೋಗಲಾರದ ಇಷ್ಟೊಂದು ಜನ. ನಾಗರಾಜು ಶುರು ಮಾಡಿದ. ಇಂಗ್ಲೆಂಡಿನ ರಾಜ ಸಮುದ್ರದಾಚೆ ಕೂತು ಅಮೆರಿಕಾದ ವಸಾಹತಿನವರ ಮೇಲೆ ತೆರಿಗೆ ಹಾಕುತ್ತಿದ್ದದ್ದು, ಅಲ್ಲಿನ ಪಾರ್ಲಿಮೆಂಟಿನಲ್ಲಿ ಇವರ ಕಡೆಯವನು ಒಬ್ಬನೂ ಇಲ್ಲದ್ದು, ನಮ್ಮನ್ನು ಕೇಳದೆ ಹಾಕಿದ ತೆರಿಗೆ ಕಟ್ಟುವುದಿಲ್ಲ ಎಂದು ಜನ ತಿರುಗಿಬಿದ್ದದ್ದು, ಬಾಸ್ಟನ್ನಿನಲ್ಲಿ ಹಡಗು ಹತ್ತಿ ಕಂಪನಿಯ ಟೀ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಸುರಿದದ್ದು.

ಅವನು ಅಲ್ಲಿಗೆ ಉಸಿರು ತೆಗೆದುಕೊಂಡಿದ್ದೇ ತಪ್ಪಾಯಿತು. ಮುನೇಶ ಮತ್ತು ನಾಲ್ಕಾರು ಹುಡುಗರು ಕ್ಯಾನು ಎತ್ತಿಕೊಂಡು ಏರಿ ಮೇಲೆ ಹೋಗಿ ಹಾಲನ್ನೆಲ್ಲ ಕೆರೆಗೆ ಸುರಿದುಬಿಟ್ಟರು. ಮಾರಮ್ಮ ತನ್ನ ಕ್ಯಾನು ಅವುಚಿಕೊಂಡು ಹಿಂದೆಯೇ ಬಂದು ಕೇಳಿದಳು:

"ಲೇ ಮುನೇಶ, ಅವ್ರು ಸುರುದಿದ್ದು ಯಾರ್ದ್ಲಾ ಟೀ?"

"ಕಂಪನೀದು."

"ನೀವ್ ಸುರುದಿದ್ದು ಯಾರ್ ಹಾಲು?"

ಮುನೇಶ ಬೆಳ್ಳಗಾದ ನೀರು ನೋಡಿದ. ಮೀನಾದರೂ ಕುಡಿಯಲಿ ಎಂದ. ಕೆರೆಯ ಮೀನಿನ ಟೆಂಡರೂ ಬೋರಲಿಂಗಯ್ಯನದೇ ಎಂದು ಯಾರೋ ನೆನಪಿಸಿದರು.

ಜನ ಬಂಡಾಯಕ್ಕೆ ಇಳಿಯುವುದು ಯಾವಾಗಲೂ ಧೈರ್ಯದಿಂದಲ್ಲ. ಎಷ್ಟೋ ಸಲ, ಮಾಡಿದ ದಡ್ಡತನ ದಡ್ಡತನವಲ್ಲ ಎಂದು ತೋರಿಸುವುದಕ್ಕೆ. ಹಾಲು ಚೆಲ್ಲಿದ ಮೇಲೆ ವಾಪಸು ಹೋಗಿ ಸಾಲಿನಲ್ಲಿ ನಿಲ್ಲಲು ಯಾರಿಗೂ ಮುಖವಿರಲಿಲ್ಲ. ದೊಡ್ಡಿಗೆ ಬೇರೆ ಡೇರಿ ಬೇಕು ಎಂದು ಮುನೇಶನೇ ಹಾಲು ಒಕ್ಕೂಟಕ್ಕೆ ಫೋನ್ ಮಾಡಿದ. ಬೋರಲಿಂಗಯ್ಯನೂ ಒಂದು ಫೋನ್ ಮಾಡಿದ. ಅದರ ಫಲ ಊಟದ ಹೊತ್ತಿಗೆ ಬಂತು: ಈ ವರ್ಷ ಪಾಠದ ಅವಧಿಗಳು ಕಡಿಮೆಯಿವೆ, ನಾಳೆಯಿಂದ ಬರುವುದು ಬೇಡ ಎಂದು ಕಾಲೇಜಿನವರು ನಾಗರಾಜುವಿಗೆ ತಿಳಿಸಿದರು.

ಮಧ್ಯಾಹ್ನ ಒಕ್ಕೂಟದ ಅಧಿಕಾರಿ ಚಲುವಯ್ಯ ಬೈಕಿನಲ್ಲಿ ಬಂದ. ಬೈದು ಹೋಗಲು ಬಂದಿರಬೇಕು ಎಂದು ದೊಡ್ಡಿಯವರು ಅಂದುಕೊಂಡರು. ಅವನು ಕೊಟ್ಟಿಗೆಗಳನ್ನೆಲ್ಲ ನೋಡಿ, ಇಷ್ಟು ಹಾಲಿದ್ದರೆ ಬೇರೆ ಸಂಘ ನಡೆಯುತ್ತದೆ ಎಂದ. ಸಂಜೆಯೊಳಗೆ ಸಭೆ ಸೇರಿ ನಿಯಮ ಮಾಡಿ, ಅಧ್ಯಕ್ಷರನ್ನೂ ಯಂತ್ರ ನೋಡಿಕೊಳ್ಳುವ ಸಂಬಳದ ಕಾರ್ಯದರ್ಶಿಯನ್ನೂ ಆರಿಸಿಕೊಂಡರೆ ನಾಳೆಯಿಂದಲೇ ಹಾಲಿನ ಗಾಡಿಯನ್ನು ದೊಡ್ಡಿಯಲ್ಲಿ ನಿಲ್ಲಿಸಿ ಹಾಲು ಒಯ್ಯುವುದಾಗಿ ಹೇಳಿದ. ಕಾರ್ಯದರ್ಶಿ ಎಂದ ಕೂಡಲೇ ಎಲ್ಲರೂ ನಾಗರಾಜುವನ್ನು ನೋಡಿದರು. ಪ್ರತಿ ವರ್ಷ ಯಾರೂ ಮನೆಗೆ ಕಳಿಸದ ಕೆಲಸ. ನಾಗರಾಜು ಹಿತ್ತಲಿಗೆ ಹೋಗಿ, ಹಾಲಿನ ಯಂತ್ರ ನಡೆಸುವುದು ಹೇಗೆ ಎಂದು ಫೋನಿನಲ್ಲಿ ನೋಡಿಕೊಂಡು ಬಂದ.

ಶಾಲೆಯ ಕೋಣೆಯಲ್ಲಿ ಸಭೆ ಸೇರಿತು. ಕಪ್ಪುಹಲಗೆಯ ಮುಂದೆ ನಿಂತ ನಾಗರಾಜು, ಯುದ್ಧ ಗೆದ್ದ ಮೇಲೆಯೇ ಅಮೆರಿಕಾದವರಿಗೆ ನಿಜವಾದ ಕಷ್ಟ ಶುರುವಾದದ್ದು ಎಂದ. ಹದಿಮೂರು ರಾಜ್ಯಗಳು ಹದಿಮೂರು ಕಡೆ ಎಳೆದವು. ಮೊದಲು ಮಾಡಿಕೊಂಡ ಒಪ್ಪಂದಕ್ಕೆ ಬಲವಿರಲಿಲ್ಲ. ಆಮೇಲೆ ಕಿಟಕಿ ಮುಚ್ಚಿಕೊಂಡು ಕೂತು ಸಂವಿಧಾನ ಬರೆದರು. ಹೊರಗಿನ ರಾಜ ಹೋಗಿದ್ದ. ತಮ್ಮೊಳಗೇ ಒಬ್ಬ ರಾಜನಾಗಿಬಿಟ್ಟಾನು ಎಂಬ ಭಯ ಉಳಿದಿತ್ತು. ಅದಕ್ಕೇ ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದಿರುವಂತೆ ಕಟ್ಟಿದರು.

"ಆ ಸಭೇಲಿ ಹೆಂಗಸ್ರು ಇದ್ರಾ?" ಎಂದಳು ಮಾರಮ್ಮ.

"ಇರ್ಲಿಲ್ಲ ಕಣಮ್ಮ."

"ಹೊಲದಲ್ಲಿ ದುಡಿಯೋ ಆಳುಗಳು?"

"ಕರಿಯ ಜನರನ್ನ ಗುಲಾಮರಾಗೇ ಇಟ್ಕೊಂಡಿದ್ರು."

"ಅಂಗಾದ್ರೆ ಅವರದ್ನೇ ಇಳುಸ್ಬ್ಯಾಡ. ಒಸಿ ನೋಡ್ಕೊಂಡು ಬರಿಯಪ್ಪ."

ನಾಗರಾಜು ನೋಡಿಕೊಂಡೇ ಬರೆದ. ಹಾಲು ಕರೆಯುವವರಿಗೇ ಸದಸ್ಯತ್ವ, ಅವರಿಗೇ ಓಟು. ಇದು ಹಲಗೆಯ ಮೇಲೆ ಬಂದದ್ದೇ ಮುಂದಿನ ಬೆಂಚಿನ ಗಂಡಸರು ಎದ್ದು ಹಿಂದೆ ಹೋದರು, ಹೆಂಗಸರು ಮುಂದೆ ಬಂದರು, ಮಾರಮ್ಮ ಅಧ್ಯಕ್ಷೆಯಾದಳು. ಆಮೇಲೆ ನಾಗರಾಜು ಬೋರಲಿಂಗಯ್ಯನನ್ನು ಮನಸ್ಸಿನಲ್ಲಿಟ್ಟುಕೊಂಡು, ಹಲ್ಲು ಕಚ್ಚಿ ಇನ್ನೊಂದು ನಿಯಮ ಬರೆದ: ಸದಸ್ಯರ ಮನೆಯವರು ಯಾರೂ ಸಂಘದಲ್ಲಿ ಸಂಬಳದ ಕೆಲಸಕ್ಕೆ ಸೇರತಕ್ಕದ್ದಲ್ಲ. ಚಪ್ಪಾಳೆ ಬಿತ್ತು. ಮುನೇಶ ಸಿಳ್ಳೆ ಹಾಕಿದ. ಆ ಹುಮ್ಮಸ್ಸಿನಲ್ಲಿ ನಾಗರಾಜು, ಸಂವಿಧಾನ ಎಂದರೆ ಬೇಕಾದಾಗ ಒರೆಸುವಂಥದ್ದಲ್ಲ ಎಂದು ಹೇಳಿ, ಒಂದು ವರ್ಷ ಯಾವ ನಿಯಮವನ್ನೂ ತಿದ್ದುವಂತಿಲ್ಲ ಎಂದೂ ಸೇರಿಸಿದ. ಎಲ್ಲರೂ ಕೈ ಎತ್ತಿದರು.

ಸಂಜೆ ಚಲುವಯ್ಯ ಬಂದು ಹಲಗೆಯನ್ನು ನಿಧಾನವಾಗಿ ಓದಿದ. ಚೆನ್ನಾಗಿದೆ ಎಂದ. ಕಾರ್ಯದರ್ಶಿ ಯಾರು ಎಂದ. ಮೇಷ್ಟ್ರು ಎಂದರು ಎಲ್ಲ ಒಟ್ಟಿಗೆ.

"ನಿಮ್ಮನೇಲಿ ಹಾಲು ಕರೆಯೋರು ಯಾರು ಮೇಷ್ಟ್ರೇ?"

ನಾಗರಾಜು ಹಲಗೆ ನೋಡಿದ. ತನ್ನದೇ ಅಕ್ಷರ, ದುಂಡಗೆ, ಹಿಂದಿನ ಬೆಂಚಿಗೂ ಕಾಣುವಂತೆ. "ನಮ್ಮಮ್ಮ" ಎಂದ.

ಅವನು ಅಮ್ಮನ ಪಕ್ಕಕ್ಕೆ ಹೋಗಿ, ನೀನು ಸದಸ್ಯತ್ವ ಬಿಟ್ಟುಬಿಡು, ಹಾಲನ್ನು ಹೋಟೆಲಿಗೆ ಕೊಡೋಣ ಎಂದು ಮೆಲ್ಲಗೆ ಕೇಳಿದ. ಮಗನ ಕೆಲಸ ಹೋದದ್ದು ಸರಸಮ್ಮನಿಗೂ ಗೊತ್ತಿತ್ತು.

"ಸಭೇಲಿ ಕೈ ಎತ್ತಿದ್ದು ಇದೇ ಮೊದ್ಲು ಕಣಪ್ಪ. ಇಳ್ಸಕ್ಕೆ ಮನ್ಸು ಬತ್ತಾ ಇಲ್ಲ" ಎಂದಳು.

ಇಡೀ ದಿನ ನಾಗರಾಜು ಹೇಳಿಕೊಟ್ಟದ್ದೇ ಅದು.

ದೊಡ್ಡಿಯಲ್ಲಿ ಹಸು ಇಲ್ಲದ ಮನೆಯಿಲ್ಲ. ಅಂದರೆ ಕಾರ್ಯದರ್ಶಿಯಾಗಬಲ್ಲವನು ದೊಡ್ಡಿಯಲ್ಲೇ ಇಲ್ಲ. ಯಂತ್ರ ಗೊತ್ತಿರುವವನು ಇಲ್ಲದಿದ್ದರೆ ಗಾಡಿ ಇಲ್ಲಿ ನಿಲ್ಲದು ಎಂದು ಚಲುವಯ್ಯ ಹೆಲ್ಮೆಟ್ ಕೈಗೆತ್ತಿಕೊಂಡ. ಆಗ ಮಾರಮ್ಮ ಅವನನ್ನು ತಡೆದು, ಮುನೇಶನ ಫೋನು ಇಸಿದುಕೊಂಡು ಹೊರಗೆ ಹೋದಳು. ಬಂದವಳೇ ಹೇಳಿದಳು:

"ಆಯ್ತು. ಬೋರಲಿಂಗಯ್ಯನ ಮಗ ಪುನೀತ ಬತ್ತಾನೆ."

"ಅಮ್ಮಾ, ಅವನ ಕಾಟಕ್ಕೇ ಅಲ್ವಾ ನಾವು ಬೇರೆಯಾಗಿದ್ದು?" ಎಂದ ನಾಗರಾಜು.

"ಅವ್ನು ಮೋಸ ಮಾಡಿದ್ದು ಅಪ್ಪನ ಹಾಲಿಗೆ ರೇಟು ಏರ್ಸಕ್ಕೆ. ಇಲ್ಲಿ ಯಾರ್ ಹಾಲು ಏರ್ಸಿ ಅವ್ನಿಗೇನ್ ಲಾಭ? ನೆಂಟ್ರಿಲ್ಲ, ಇಷ್ಟ್ರಿಲ್ಲ. ನೀನ್ ಬರ್ದಿರೋ ರೂಲಿಗೆ ಸರ್‍ಯಾಗವ್ನೆ. ಅವ್ರಪ್ಪ ಸಂಬಳಾನೂ ಕೊಡ್ತಿರ್ನಿಲ್ವಂತೆ, ಕೇಳುದ್ ತಕ್ಷಣ ಒಪ್ಪುದ."

ಚಲುವಯ್ಯ ಹೆಸರು ಬರೆದುಕೊಂಡು ಹೊರಟ. ಹೆಂಗಸರು ಕರೆಯುವ ಹೊತ್ತಾಯಿತೆಂದು ಎದ್ದರು. ಒಬ್ಬೊಬ್ಬರೂ ನಾಗರಾಜುವಿಗೆ, ಒಳ್ಳೆ ಕೆಲಸ ಮಾಡಿದಿರಿ ಮೇಷ್ಟ್ರೇ ಎಂದು ಮನಸಾರೆ ಹೇಳಿ ಹೋದರು. ಕೋಣೆಯಲ್ಲಿ ಉಳಿದವನು ಮುನೇಶ ಒಬ್ಬ. ಹಲಗೆ ನೋಡಿ ಅವನು ಕೇಳಿದ:

"ಮೇಷ್ಟ್ರೇ, ಅಮೆರಿಕಾದಲ್ಲಿ ಇದ್ನ ಬರ್ದೋರ್ಗೆ ಆಮೇಲೆ ಏನ್ ಕೆಲ್ಸ ಸಿಕ್ತು?"

"ಒಂದಿಬ್ಬರು ದೇಶಕ್ಕೇ ಅಧ್ಯಕ್ಷರಾದರು."

ಮುನೇಶ ಹೊರಡಲು ಎದ್ದ.

"ಅವರವ್ವಂದ್ರು ಹಸ ಕಟ್ಟಿರ್ನಿಲ್ಲ ಅನ್ಸುತ್ತೆ."