ವಡಾಕಡೆ ನಿಂತ ಗೌಂಡಿ

ಕಾರವಾರದ ದೊಡ್ಡ ಸರ್ಕಲ್ಲಿನ ಇತಿಹಾಸ ನನ್ನಷ್ಟು ತಿಳಿದವರು ಅಂಕೋಲೆ ಕಡೆಯ ನಮ್ಮ ಬೆಳಂಬಾರದಲ್ಲಿ ಇನ್ನೊಬ್ಬರಿಲ್ಲ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟು, ಕಲ್ಲು ಕಟ್ಟುವ ಗೌಂಡಿಯಾದವನು ನಾನು. ಆದರೆ ಅಲ್ಲಿ ಕಲ್ಲು ಹೊತ್ತ ಅಪ್ಪ ಹೇಳಿದ್ದೆಲ್ಲ ಬಾಯಿಪಾಠ.

ಹೀಗಿರುವಾಗ ಆ ಸರ್ಕಲ್ಲು ನೋಡಿಕೊಳ್ಳುವ ಕಮಿಟಿಯ ಮಾಸ್ತರೊಬ್ಬರು ಮೊಬೈಲಿಗೆ ಫೋನು ಮಾಡಿದರು. ಅವರ ಮುಖ ನಾನು ಕಂಡಿರಲಿಲ್ಲ, ಮನೆಮಾತು ಕೊಂಕಣಿ. "ಸರ್ಕಲ್ಲಲ್ಲಿ ಒಂದು ಹಳೇ ಕಟ್ಟೆ ರಿಪೇರಿ ಉಂಟು. ನಾಳೆ ಹತ್ತಕ್ಕೆ ವಡಾಕಡೆ ಬನ್ನಿ, ತೋರಿಸ್ತೆ. ಹನ್ನೊಂದಾದ್ರೆ ಬೇರೆ ಗೌಂಡಿಗೆ ಕೊಡ್ತೆ."

ಪಟ್ಟಣದಲ್ಲಿ ನನಗೆ ಮೊದಲ ಕೆಲಸ! ಕಲ್ಲಿನ ಮೇಲೆ ನನ್ನ ಹೆಸರು ಕೆತ್ತುವುದೆಂದು ಆಗಲೇ ತೀರ್ಮಾನಿಸಿದೆ.

"ವಡಾಕಡೆ ಅಂದ್ರೆ ಎಲ್ಲಿ? ಮತ್ತೊಂದ್ಸಲ ಕೇಳಿ ನೋಡಿ" ಎಂದಳು ಹೆಂಡತಿ.

"ವಡಾ ಮಾರುವ ಕಡೆ. ಇದನ್ನೂ ಕೇಳುದಾ?"

ಗಡಿಬಿಡಿಯಲ್ಲಿ ಮೊಬೈಲು ಮನೆಯಲ್ಲೇ ಮರೆತು, ಒಂಬತ್ತೂವರೆಗೇ ಸರ್ಕಲ್ಲಿನ ವಡಾ ಅಂಗಡಿಯ ಬೆಂಚಿನಲ್ಲಿ ಆಸೀನನಾದೆ. ಹತ್ತೂಮುಕ್ಕಾಲಿಗೆ ಮೂರನೇ ವಡಾ. ಬಂದ ಗಿರಾಕಿಗಳಿಗೆ ಇತಿಹಾಸ ಬೋಧಿಸತೊಡಗಿದೆ. "ಅಗೋ, ಧ್ವಜದ ಕಂಬದ ಕಟ್ಟೆ ಇದೆಯಲ್ಲ, ಅಲ್ಲಿ ಮೊದಲು ದೊಡ್ಡ ಆಲದ ಮರ ಇತ್ತು. ರಸ್ತೆ ಅಗಲ ಮಾಡುವಾಗ ಕಡಿದ್ರು. ಈಗ ನೋಡಿ, ಆ ಮುದುಕ ಕೆಲಸವಿಲ್ಲದೆ ಒಂದು ತಾಸಿಂದ ಬಿಸಿಲಲ್ಲಿ ನಿಂತಿದ್ದಾನೆ."

ವಡಾ ಕರಿಯುತ್ತಿದ್ದ ಅಕ್ಕ ಜಾಲರಿ ಸೌಟು ಕೆಳಗಿಟ್ಟಳು. "ಅವ್ರು ನಮ್ಮ ಮಾಸ್ತರು. ಯಾರೋ ಅಂಕೋಲೆ ಕಡೆ ಗೌಂಡಿ ಬರ್ತೆ ಅಂದು ಕೈ ಕೊಟ್ನಂತೆ."

ಗಂಟೆ ಹನ್ನೊಂದಕ್ಕೆ ಎರಡು ನಿಮಿಷವಿತ್ತು. ರಿಕ್ಷಾಗಳ ನಡುವೆ ಓಡಿದೆ. ಕೈಯಲ್ಲಿ ಅರ್ಧ ವಡಾ. ಮಾಸ್ತರು ಮೊಬೈಲು ಕಿವಿಗಿಟ್ಟು ಬೇರೆ ಗೌಂಡಿಯನ್ನು ಕರೆಯುತ್ತಿದ್ದರು.

"ಮಾಸ್ತರೇ, ನಾನು ಬಂದು ಒಂದೂವರೆ ತಾಸಾಯ್ತು! ವಡಾಕಡೆಯೇ ಇದ್ದೆ."

ಅವರು ನನ್ನ ಮುಖ ನೋಡಿದರು. ಆಮೇಲೆ ವಡಾ ನೋಡಿದರು. ಫೋನು ಇಳಿಸಿ, ಕಂಬ ಹಿಡಿದುಕೊಂಡು ನಕ್ಕರು.

"ಕೊಂಕಣಿಯಲ್ಲಿ ವಡ ಅಂದ್ರೆ ಆಲದ ಮರ, ಮಾರಾಯ. ಮರ ಹೋದ್ರೂ ನಾವು ಈ ಕಟ್ಟೆಗೆ ವಡಾಕಡೆ ಅಂತ್ಲೇ ಹೇಳುದು."

"ಮರ ಇದ್ದದ್ದು ಗೊತ್ತಿತ್ತು" ಎಂದೆ ಸಣ್ಣ ದನಿಯಲ್ಲಿ.

"ಗೊತ್ತಿದ್ದೂ ಅಲ್ಲಿ ಕೂತ್ಕಂಡ್ಯಾ? ಆಯ್ತು, ಕೆಲಸ ನಿಂದೇ. ಒಂದು ಕಲ್ಲಲ್ಲಿ 'ಆಲದ ಕಟ್ಟೆ' ಅಂತ ಕನ್ನಡದಲ್ಲಿ ಕೆತ್ತಿಬಿಡು. ಮುಂದಿನ ಗೌಂಡಿಯಾದ್ರೂ ಹೊಟ್ಟೆ ಕೆಡಿಸ್ಕಳದೆ ಬರ್ಲಿ."

ಬದುಕಿದೆ ಅನ್ನಿಸಿತು. ಕಟ್ಟೆ ಮುಗಿಸಿದೆ, ಕಲ್ಲು ಕೂರಿಸಿದೆ. ಆ ಕಲ್ಲು ಯಾಕೆ ಬಂತೆಂಬ ಕತೆಯನ್ನು ಈಗ ವಡಾ ಅಂಗಡಿಯ ಅಕ್ಕ ಗಿರಾಕಿಗಳಿಗೆಲ್ಲ ಹೇಳುತ್ತಾಳೆ.

ಕಲ್ಲಿನ ಮೇಲೆ ನನ್ನ ಹೆಸರಿಲ್ಲ. ಸದ್ಯ!